ಧ್ಯಾನಕ್ಕೆ ಕೂತರೆ ತಲೆಯೊಳಗೆ ಸಂತೆ, ಕಾಲಿಗೆ ಜೋಮು: ಏನು ಮಾಡಬೇಕು?

ಕಣ್ಣು ಮುಚ್ಚಿ ಎರಡು ನಿಮಿಷ ಆಗಿರುವುದಿಲ್ಲ, ನಿನ್ನೆ ಯಾರೋ ಆಡಿದ ಮಾತು ನೆನಪಾಗುತ್ತದೆ. ಅದಕ್ಕೆ ಕೊಡಬೇಕಿದ್ದ ಉತ್ತರ ಈಗ ಹೊಳೆಯುತ್ತದೆ. ಅಷ್ಟರಲ್ಲಿ ಮೂಗಿನ ತುದಿ ಕಡಿಯುತ್ತದೆ, ಎಡಗಾಲು ಜೋಮು ಹಿಡಿಯುತ್ತದೆ, ಬಾಯಲ್ಲಿ ಎಂಜಲು ತುಂಬಿಕೊಳ್ಳುತ್ತದೆ. "ಧ್ಯಾನ ನನಗೆ ಆಗಿಬರುವುದಿಲ್ಲವೇ?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಪ್ರಾಣಶಕ್ತಿಯ ಅಭ್ಯಾಸ, ಅಂದರೆ ಉಸಿರು ಮತ್ತು ಗಮನವನ್ನು ದೇಹದ ಒಂದೊಂದು ಜಾಗದಲ್ಲಿ ನಿಲ್ಲಿಸುವ ಸಾಧನೆ ಮಾಡುವವರದು ಇನ್ನೊಂದು ಪ್ರಶ್ನೆ: "ಎಲ್ಲರಿಗೂ ಅಂಗೈಯಲ್ಲಿ ಏನೋ ಗೊತ್ತಾಗುತ್ತದಂತೆ, ನನಗೆ ಯಾಕೆ ಏನೂ ಇಲ್ಲ?"

ಎರಡಕ್ಕೂ ಉತ್ತರ ಕೆಳಗಿದೆ. ಮೊದಲಿಗೆ ಒಂದು ಮಾತು. ದೇಹ ಒಡ್ಡುವ ಅಡ್ಡಿಗಳಲ್ಲಿ ಬಹುಪಾಲನ್ನು ಕೂರುವ ಮೊದಲೇ ನಿವಾರಿಸಬಹುದು, ನಿವಾರಿಸಲೇಬೇಕು. ಮನಸ್ಸಿನ ವಟವಟವನ್ನು ನಿವಾರಿಸಲು ಹೋಗಲೇಬಾರದು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ: ಮಂಡಿನೋವನ್ನು ಹಲ್ಲು ಕಚ್ಚಿ ಸಹಿಸುತ್ತಾರೆ, ಯೋಚನೆಯ ಜೊತೆ ಗುದ್ದಾಡುತ್ತಾರೆ.

ವಟವಟ ಏಕೆ ನಿಲ್ಲುವುದಿಲ್ಲ

ಕೈಯಲ್ಲಿ ಕೆಲಸ ಇಲ್ಲದಾಗ ಮಿದುಳು ಸುಮ್ಮನಾಗುತ್ತದೆ ಎಂದುಕೊಂಡಿದ್ದೇವೆ. ಹಾಗಾಗುವುದಿಲ್ಲ. ಹೊರಗಿನ ಕೆಲಸ ನಿಂತಾಗ ಮಿದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗುತ್ತವೆ. ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ 'ಡೀಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ನಾನು, ನನ್ನದು, ನಿನ್ನೆ, ನಾಳೆ, ಅವರು ನನ್ನ ಬಗ್ಗೆ ಏನಂದುಕೊಂಡರು ಎಂಬಂಥ ಯೋಚನೆಗಳಿಗೂ ಈ ಭಾಗಗಳಿಗೂ ನಂಟಿದೆ. ಅಂದರೆ ಸುಮ್ಮನೆ ಕೂತ ಕೂಡಲೇ ವಟವಟ ಶುರುವಾಗುವುದು ಮಿದುಳಿನ ಸಹಜ ನಡೆ. ನಿಮ್ಮ ಯೋಗ್ಯತೆಗೂ ಅದಕ್ಕೂ ಸಂಬಂಧವಿಲ್ಲ.

ಬಲವಂತವಾಗಿ ಅದುಮಿದರೆ? 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ತಂಡ ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದಿತು. ಅವರಿಗೆ ಅದು ಸಾಧ್ಯವಾಗಲಿಲ್ಲ. ಆಮೇಲೆ ಯೋಚಿಸಬಹುದು ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು. 'ಯೋಚನೆ ಬರಬಾರದು' ಎಂದು ಹಟ ಹಿಡಿದು ಕೂರುವವರ ಕಥೆಯೂ ಇದೇ.

ಪತಂಜಲಿಯ ಯೋಗಸೂತ್ರದ ಮೊದಲ ಪಾದದ 31ನೇ ಸೂತ್ರ ಚಿತ್ತ ಚದುರಿದಾಗ ಜೊತೆಗೆ ಬರುವ ನಾಲ್ಕನ್ನು ಪಟ್ಟಿ ಮಾಡುತ್ತದೆ: ದುಃಖ, ದೌರ್ಮನಸ್ಯ (ಮನಸ್ಸು ಕೆಡುವುದು), ಅಂಗಮೇಜಯತ್ವ (ಮೈ ನಡುಗುವುದು, ಅದರುವುದು), ಶ್ವಾಸಪ್ರಶ್ವಾಸ (ಉಸಿರು ಏರುಪೇರಾಗುವುದು). ನಾಲ್ಕರಲ್ಲಿ ಎರಡು ಮೈಗೆ ಸೇರಿದವು ಎಂಬುದನ್ನು ಗಮನಿಸಿ. ಮನಸ್ಸಿಗೆ ನೇರವಾಗಿ ಕೈಹಾಕಲು ಆಗದು, ಮೈಗೂ ಉಸಿರಿಗೂ ಹಾಕಬಹುದು. ಮುಂದಿನ ಹಂತಗಳ ಅನುಕ್ರಮ ಇರುವುದು ಹಾಗೆಯೇ.

ಬೇಕಾಗುವುದು

ಗಟ್ಟಿಯಾದ ದಿಂಬು ಅಥವಾ ಮಡಿಸಿದ ಕಂಬಳಿ, ಇಲ್ಲವೇ ಕೈಯಿಲ್ಲದ ಕುರ್ಚಿ. ಮೆಲುದನಿಯ ಟೈಮರ್. ಒಂದು ಕಾಗದ, ಪೆನ್ನು. ಹೊದೆಯಲು ತೆಳು ಬಟ್ಟೆ: ಅಲುಗಾಡದೆ ಕೂತಾಗ ಮೈ ತಣ್ಣಗಾಗುತ್ತದೆ, ಚಳಿಯೂ ಒಂದು ಅಡ್ಡಿಯೇ. ಟೈಮರ್ ಫೋನಿನಲ್ಲಿದ್ದರೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವೈಬ್ರೇಷನ್ ಮೋಡ್ ಸಾಲದು, ಗುರ್ ಎಂದರೆ ಸಾಕು, ಯಾರಿರಬಹುದು ಎಂಬ ಲೆಕ್ಕಾಚಾರ ಶುರು.

ಹಂತ 1: ಕೂರುವ ಭಂಗಿ ಸರಿಮಾಡಿ

ಹೆಚ್ಚಿನವರ ಬೆನ್ನುನೋವು, ಕಾಲುನೋವುಗಳಿಗೆ ಒಂದೇ ಮೂಲ: ಸೊಂಟ ಮಂಡಿಗಿಂತ ಕೆಳಗಿರುವುದು. ಬರಿನೆಲದಲ್ಲಿ ಚಕ್ಕಳಮಕ್ಕಳ ಹಾಕಿದರೆ ಮಂಡಿ ಮೇಲೆದ್ದು ನಿಲ್ಲುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ಆಮೇಲೆ ಬೆನ್ನನ್ನು ನೆಟ್ಟಗಿಡಲು ಸ್ನಾಯುಗಳು ಇಡೀ ಹೊತ್ತು ದುಡಿಯಬೇಕು. ಹತ್ತು ನಿಮಿಷದಲ್ಲಿ ಅವು ದಣಿಯುತ್ತವೆ.

ದಿಂಬಿನ ಎತ್ತರ 10ರಿಂದ 15 ಸೆಂಟಿಮೀಟರ್ ಇರಲಿ. ದಿಂಬಿನ ಮುಂದಿನ ಮೂರನೇ ಒಂದು ಭಾಗದ ಮೇಲೆ ಮಾತ್ರ ಕೂತುಕೊಳ್ಳಿ, ಆಗ ಸೊಂಟ ತಾನಾಗಿ ತುಸು ಮುಂದಕ್ಕೆ ಬಾಗುತ್ತದೆ. ಎರಡೂ ಮಂಡಿ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಎತ್ತರ ಹೆಚ್ಚಿಸಿ, ಇಲ್ಲವೇ ಮಂಡಿಯ ಕೆಳಗೆ ಬಟ್ಟೆ ಮಡಿಸಿಡಿ. ಅಂಗೈಗಳನ್ನು ತೊಡೆಯ ಮೇಲೆ ಬಿಡಿ, ತೀರಾ ಮುಂದಕ್ಕೆ ಚಾಚಬೇಡಿ, ಭುಜ ಎಳೆಯುತ್ತದೆ. ಗಲ್ಲ ಒಂದು ಬೆರಳಿನಷ್ಟು ಕೆಳಗೆ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ, ದವಡೆ ಸಡಿಲ.

ದವಡೆಗೆ ಯಾಕಿಷ್ಟು ಮಹತ್ವ ಎಂದರೆ, ಒಳಗೊಳಗೇ ಮಾತಾಡುವಾಗಲೂ ನಾಲಿಗೆ, ಗಂಟಲಿನ ಸ್ನಾಯುಗಳು ಸೂಕ್ಷ್ಮವಾಗಿ ಮಿಡಿಯುವುದುಂಟು. ಅವನ್ನು ಸಡಿಲಬಿಟ್ಟರೆ ಒಳಮಾತಿನ ಬಿರುಸು ತುಸು ಇಳಿಯುವುದನ್ನು ನೀವೇ ಪರೀಕ್ಷಿಸಿ ನೋಡಬಹುದು.

ಕುರ್ಚಿಯಾದರೆ ಬೆನ್ನು ಒರಗಿಸದೆ, ಪಾದಗಳು ಪೂರ್ತಿ ನೆಲಕ್ಕೆ ತಾಗುವಂತೆ ಕೂರಿ. ನೆಲದ ಮೇಲೆ ಕೂತವರೇ ಮೇಲು ಎಂಬ ಭಾವನೆ ಬೇಡ. ಪದ್ಮಾಸನದ ಹಟವಂತೂ ಬೇಡವೇ ಬೇಡ: ಸೊಂಟದ ಕೀಲು ಬಿಗಿಯಾಗಿರುವವರು ಕಾಲನ್ನು ಎಳೆದು ಮೇಲಿಟ್ಟರೆ ತಿರುಚುವ ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ, ಮಂಡಿ ಇರುವುದು ಹಾಗೆ ತಿರುಗಲಿಕ್ಕಲ್ಲ.

ಹಂತ 2: ಕೂರುವ ಮೊದಲಿನ ಹತ್ತು ನಿಮಿಷ

ಊಟವಾಗಿ ಎರಡು-ಮೂರು ಗಂಟೆ ಕಳೆದಿರಲಿ. ಶೌಚಾಲಯಕ್ಕೆ ಹೋಗಿಬನ್ನಿ, ಸೊಂಟದ ಪಟ್ಟಿ ಸಡಿಲಿಸಿ, ಕನ್ನಡಕ ತೆಗೆದಿಡಿ. ಕುತ್ತಿಗೆ, ಭುಜ, ಸೊಂಟ, ಕಣಕಾಲುಗಳನ್ನು ಐದು ನಿಮಿಷ ನಿಧಾನವಾಗಿ ಆಡಿಸಿ.

ಬಳಿಕ ಕಾಗದ ತೆಗೆದುಕೊಂಡು ಮೂರು ನಿಮಿಷ, ತಲೆಯಲ್ಲಿ ಸುತ್ತುತ್ತಿರುವ ಬಾಕಿ ಕೆಲಸಗಳನ್ನು ಬರೆಯಿರಿ. ಬರೀ ಹೆಸರು ಸಾಲದು. ಒಂದೊಂದರ ಮುಂದೆ 'ಯಾವಾಗ' ಎಂಬುದನ್ನೂ ಬರೆಯಿರಿ: 'ನಾಳೆ ಬೆಳಿಗ್ಗೆ ಹತ್ತಕ್ಕೆ', 'ಶನಿವಾರ'. ಮುಗಿಯದ ಕೆಲಸ ಮರೆತುಹೋದೀತು ಎಂಬ ಭಯಕ್ಕೇ ಮನಸ್ಸು ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸುವುದು. ಹೊತ್ತು ಗೊತ್ತುಮಾಡಿ ಬರೆದಿಟ್ಟರೆ ಆ ಕಾವಲು ಸಡಿಲವಾಗುತ್ತದೆ. ಕಾಗದ ಪಕ್ಕದಲ್ಲೇ ಇರಲಿ. ಆದರೆ ನಡುವೆ ಹೊಳೆದದ್ದನ್ನು ಬರೆಯಲು ಕಣ್ಣು ತೆರೆಯಬೇಡಿ. ಒಮ್ಮೆ ಆ ರೂಢಿ ಬಿದ್ದರೆ ಪ್ರತಿ ಎರಡು ನಿಮಿಷಕ್ಕೊಂದು 'ಅದ್ಭುತ ಉಪಾಯ' ಹೊಳೆಯುತ್ತದೆ.

ಹಂತ 3: ಉಸಿರಿನಿಂದ ಶುರು

ನೇರ ಧ್ಯಾನಕ್ಕೆ ಹೋಗಬೇಡಿ. ಮೊದಲ ಮೂರು ನಿಮಿಷ ಮೂಗಿನಿಂದಲೇ, 4 ಎಣಿಸುವಷ್ಟು ಹೊತ್ತು ಉಸಿರು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ನಿಮಿಷಕ್ಕೆ 6 ಉಸಿರು. ದೊಡ್ಡವರು ಸುಮ್ಮನಿದ್ದಾಗ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನಿಸುತ್ತದೆ, ಅದಕ್ಕೇ ಹೊರಗಿನ ಉಸಿರು ಉದ್ದ.

ಉಸಿರು ಆಳವಾಗಿರಬೇಕೆಂದಿಲ್ಲ, ನಿಧಾನವಾಗಿದ್ದರೆ ಸಾಕು. ಪಕ್ಕದಲ್ಲಿ ಕೂತವರಿಗೆ ಕೇಳಿಸುವಂತಿದ್ದರೆ ನೀವು ಹೆಚ್ಚು ಗಾಳಿ ಎಳೆಯುತ್ತಿದ್ದೀರಿ. ಕಟ್ಟಿದಂತಾದರೆ ಒಳಗೆ 3, ಹೊರಗೆ 4 ಎಣಿಕೆಗೆ ಇಳಿಸಿ. ತಲೆ ತೀರಾ ಗಿಜಿಗುಡುತ್ತಿರುವ ದಿನ, ಅಥವಾ ಯಾವುದೋ ಹಾಡಿನ ಒಂದೇ ಸಾಲು ತಿರುಗುತ್ತಿದ್ದರೆ, ಮೊದಲು ಭ್ರಾಮರಿ ಮಾಡಿ: ಬಾಯಿ ಮುಚ್ಚಿ, ಉಸಿರು ಬಿಡುತ್ತಾ ದುಂಬಿಯಂತೆ 'ಮ್' ಎಂದು ಗುಂಯ್‌ಗುಡುವುದು, 5ರಿಂದ 7 ಸಲ. ಗಂಟಲು ಒಂದು ಸದ್ದಿನಲ್ಲಿ ತೊಡಗಿದಾಗ ಇನ್ನೊಂದನ್ನು ಒಳಗೆ ಹಾಡಿಕೊಳ್ಳುವುದು ಕಷ್ಟ.

ಹಂತ 4: ಎಣಿಕೆ, ತಪ್ಪುವುದು, ಮರಳುವುದು

ಈಗ ಉಸಿರನ್ನು ಅದರ ಪಾಡಿಗೆ ಬಿಡಿ. ಪ್ರತಿ ಹೊರ ಉಸಿರಿಗೆ ಮನಸ್ಸಿನಲ್ಲೇ ಒಂದು ಎಣಿಕೆ. ಒಂದರಿಂದ ಹತ್ತು, ಮತ್ತೆ ಒಂದು. ತಪ್ಪಿದರೆ ಒಂದಕ್ಕೆ ಬನ್ನಿ. 'ಹದಿನೇಳು' ಎಂದು ಎಣಿಸುತ್ತಿರುವುದು ಗೊತ್ತಾದರೆ, ಬಾಯಿ ಎಣಿಸುತ್ತಿತ್ತು, ನೀವು ಎಲ್ಲೋ ಇದ್ದಿರಿ ಎಂದರ್ಥ. ಆಗಲೂ ಒಂದಕ್ಕೇ ಬನ್ನಿ.

ಯೋಚನೆಯಲ್ಲಿ ತೇಲಿಹೋದದ್ದು ಗೊತ್ತಾದ ಕ್ಷಣ ಮೂರು ಕೆಲಸ ಮಾಡಿ, ಈ ಕ್ರಮದಲ್ಲೇ:

ಒಂದು, ಯೋಚನೆಗೆ ಒಂದೇ ಪದದ ಹೆಸರು ಕೊಡಿ: 'ನೆನಪು', 'ಯೋಜನೆ', 'ವಾದ', 'ಕನಸು'. ಯಾವುದೆಂದು ತೋಚದಿದ್ದರೆ 'ಯೋಚನೆ' ಎಂದರೆ ಸಾಕು. ಸರಿಯಾದ ಹೆಸರು ಯಾವುದು ಎಂದು ಹುಡುಕುತ್ತಾ ಕೂತರೆ ಅದೇ ಹೊಸ ವಟವಟ.

ಎರಡು, ಹುಬ್ಬು, ದವಡೆ, ಭುಜ ಸಡಿಲಿಸಿ. ಯೋಚನೆಯ ಜೊತೆಗೆ ಇವುಗಳಲ್ಲಿ ಒಂದಾದರೂ ಬಿಗಿದಿರುತ್ತದೆ. ವಾದ ನಡೆಯುತ್ತಿದ್ದರೆ ಸಾಮಾನ್ಯವಾಗಿ ದವಡೆ.

ಮೂರು, ಮುಂದಿನ ಹೊರ ಉಸಿರಿಗೆ 'ಒಂದು'.

ಇಲ್ಲಿ ಬಹಳ ಜನ ಎಡವುವುದು ಮರಳಿದ ಮೇಲೆ. 'ಛೇ, ಮತ್ತೆ ಹೋಯಿತು' ಎಂಬ ಬೈಗುಳವೂ ಯೋಚನೆಯೇ. 'ಆಹಾ, ಈಗ ಶಾಂತವಾಗಿದೆ' ಎಂಬ ಶಭಾಷ್‌ಗಿರಿಯೂ ಯೋಚನೆಯೇ. ಎರಡನೆಯದನ್ನು ಗುರುತಿಸುವುದು ಕಷ್ಟ, ಅದು ಹಿತವಾಗಿರುತ್ತದಲ್ಲ. ಎರಡಕ್ಕೂ 'ಯೋಚನೆ' ಎಂದು ಹೆಸರಿಟ್ಟು ಒಂದಕ್ಕೆ ಬನ್ನಿ. ಹದಿನೈದು ನಿಮಿಷದಲ್ಲಿ ನಲವತ್ತು ಸಲ ತಪ್ಪಿ ನಲವತ್ತು ಸಲ ಮರಳಿದರೆ ಅದು ಕೆಟ್ಟ ದಿನವಲ್ಲ. ಹದಿನೈದು ನಿಮಿಷವೂ ಒಂದೇ ಸಿಹಿಗನಸಿನಲ್ಲಿ ತೇಲಿ ಒಮ್ಮೆಯೂ ಮರಳದಿದ್ದರೆ ಅಂದು ಅಭ್ಯಾಸವೇ ಆಗಿಲ್ಲ.

ಮೊದಲ ವಾರದಲ್ಲಿ ವಟವಟ ಹೆಚ್ಚಾದಂತೆ ಕಾಣಬಹುದು. ಅದು ಮೊದಲೂ ಇಷ್ಟೇ ಇತ್ತು, ಕೇಳಿಸುತ್ತಿರಲಿಲ್ಲ.

ಹಂತ 5: ನಡುವೆ ದೇಹ ಕರೆದರೆ

ನೋವು, ತುರಿಕೆ, ಜೋಮು ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಮೊದಲು ಬೇರ್ಪಡಿಸಿ.

ಮಂಡಿಯಲ್ಲಿ ಚುಚ್ಚುವ, ಸುಡುವ ನೋವು: ಕಾಯಬೇಡಿ. ತಕ್ಷಣ ಕಾಲು ಬಿಡಿಸಿ. ಇದನ್ನು 'ಸಾಕ್ಷಿಯಾಗಿ ನೋಡುವುದು' ಸಾಧನೆಯಲ್ಲ, ಕೀಲಿಗೆ ಮಾಡುವ ಹಾನಿ. ತೊಡೆ, ಬೆನ್ನಿನ ಸ್ನಾಯುಗಳ ಮಂದ ನೋವಾದರೆ ಹತ್ತು ಉಸಿರು ಕಾಯಬಹುದು. ಎದೆನೋವು, ಕೈಗೆ ಹರಡುವ ನೋವು ಬಂದರೆ ಧ್ಯಾನದ ಮಾತೇ ಬೇಡ, ವೈದ್ಯರ ಬಳಿ ಹೋಗಿ.

ಜೋಮು: ಮಡಿಸಿದ ಕಾಲಿನಲ್ಲಿ ನರದ ಮೇಲೆ ಒತ್ತಡ ಬಿದ್ದು ಹೀಗಾಗುತ್ತದೆ. ಕಾಲು ಸ್ವಲ್ಪ ಸರಿಸಿದರೆ ಹೋಗುತ್ತದೆ. ಪ್ರತಿದಿನ ಅದೇ ಜಾಗದಲ್ಲಿ ಬಂದರೆ ದಿಂಬಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿದೆ, ತುಸು ಮುಂದಕ್ಕೆ ಸರಿದು ಕೂರಿ. ನಿಜವಾದ ಅಪಾಯ ಏಳುವಾಗ: ಜೋಮು ಹಿಡಿದ ಕಾಲು ನೆಲವನ್ನು ಗ್ರಹಿಸುವುದಿಲ್ಲ, ಕಣಕಾಲು ಹೊರಳುತ್ತದೆ. ಸ್ಪರ್ಶ ಪೂರ್ತಿ ಮರಳುವವರೆಗೆ ಕಾಲು ಚಾಚಿ ಕೂತಿರಿ. ಗಂಟೆಗಟ್ಟಲೆ ಹೋಗದಿದ್ದರೆ ಅಥವಾ ಪಾದ ಎತ್ತಲು ಆಗದಿದ್ದರೆ ವೈದ್ಯರಿಗೆ ತೋರಿಸಿ.

ತುರಿಕೆ: ಹೆಚ್ಚಾಗಿ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಹತ್ತು ಉಸಿರಿನಷ್ಟು ಹೊತ್ತು ನೋಡಿ: ಎಷ್ಟು ಅಗಲ, ಚುಚ್ಚುತ್ತದೋ, ಹರಿದಾಡುತ್ತದೋ. ಇಳಿಯದಿದ್ದರೆ ಕೆರೆಯಬೇಕು ಎಂದು ನಿರ್ಧರಿಸಿ, ನಿಧಾನವಾಗಿ ಕೈ ಎತ್ತಿ ಕೆರೆದು ಕೈ ವಾಪಸ್ ಇಡಿ. ಕೆರೆಯುವುದರಿಂದ ಏನೂ ಕೆಡುವುದಿಲ್ಲ. ಗೊತ್ತಿಲ್ಲದೆಯೇ ಕೈ ಹೋಗಿಬಿಡಬಾರದು, ಅಷ್ಟೇ.

ಎಂಜಲು: ಗಮನ ಕೊಟ್ಟಷ್ಟೂ ಹೆಚ್ಚು ಅನ್ನಿಸುತ್ತದೆ. ನುಂಗಿ, ಮುಂದುವರಿಯಿರಿ. ಹೊಟ್ಟೆಯ ಗುಡುಗುಡು ಸದ್ದಿಗೂ ಇಷ್ಟೇ ಮರ್ಯಾದೆ.

ಮೈ ತೂಗುವುದು, ಝಾಡಿಸುವುದು: ಕಣ್ಣು ಮುಚ್ಚಿದಾಗ ಸಮತೋಲಕ್ಕೆ ನೋಟದ ನೆರವಿರುವುದಿಲ್ಲ, ಹಾಗಾಗಿ ಸಣ್ಣ ತೂಗಾಟ ಸಹಜ. ಥಟ್ಟನೆ ಕೈಕಾಲು ಝಾಡಿಸಿದರೆ ಹೆಚ್ಚಾಗಿ ಅದು ನಿದ್ರೆಯ ಹೊಸ್ತಿಲಲ್ಲಿ ಬರುವ ಸೆಳೆತ, ಮಲಗುವಾಗಲೂ ಬರುತ್ತದಲ್ಲ, ಅದೇ. ಇದನ್ನು ಕುಂಡಲಿನಿ (ಯೋಗ ಪರಂಪರೆ ಹೇಳುವ ಸುಪ್ತ ಶಕ್ತಿ) ಎಂದು ಯಾರಾದರೂ ಹೇಳಿದರೆ ಹಿಗ್ಗುವ ಮೊದಲು ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ ನೋಡಿಕೊಳ್ಳಿ. ಎಚ್ಚರದಲ್ಲಿ, ಧ್ಯಾನದ ಹೊರಗೂ ಪದೇ ಪದೇ ಬಂದರೆ ತಪಾಸಣೆ ಬೇಕು.

ತೂಕಡಿಕೆ: ವೇದಾಂತಿಗಳು ಇದನ್ನು 'ಲಯ' ಎನ್ನುತ್ತಾರೆ, ಚದುರುವಿಕೆಯನ್ನು 'ವಿಕ್ಷೇಪ'. ಎರಡಕ್ಕೂ ಮದ್ದು ಬೇರೆ. ವಿಕ್ಷೇಪಕ್ಕೆ ಸಡಿಲಿಕೆ ಬೇಕು, ಲಯಕ್ಕೆ ಬಿಗಿ ಬೇಕು. ಕಣ್ಣು ಅರೆ ತೆರೆದು ಒಂದು ಮೀಟರ್ ಮುಂದೆ ನೆಲ ನೋಡಿ, ಬೆನ್ನು ನೆಟ್ಟಗೆ ಮಾಡಿ, ಎಣಿಕೆಯನ್ನು ಒಳ ಉಸಿರಿಗೆ ಬದಲಿಸಿ. ಆಗಲೂ ತಲೆ ಜೋತುಬಿದ್ದರೆ ಎದ್ದುನಿಂತು ಮುಗಿಸಿ. ವಾರವಿಡೀ ಹೀಗೇ ಆದರೆ ಕೊರತೆ ಇರುವುದು ನಿದ್ದೆಯದು.

ಹೊರಗಿನ ಸದ್ದು: ನಿಲ್ಲಿಸಬಲ್ಲದ್ದನ್ನು ಮೊದಲೇ ನಿಲ್ಲಿಸಿ. ಉಳಿದದ್ದಕ್ಕೆ 'ಸದ್ದು' ಎಂಬ ಹೆಸರಷ್ಟೇ. ಕೆಡಿಸುವುದು ಸದ್ದಿಗಿಂತ 'ಈ ಹೊತ್ತಿಗೇ ಬೇಕಿತ್ತಾ ಇವರಿಗೆ' ಎಂಬ ಟಿಪ್ಪಣಿ. ಕಿವಿಗೆ ಹತ್ತಿ ತುರುಕಿದರೆ ಒಳಗಿನ ಸದ್ದುಗಳು ದೊಡ್ಡದಾಗಿ ಕೇಳಿಸುತ್ತವೆ, ಅದು ಎಲ್ಲರಿಗೂ ಹಿಡಿಸುವುದಿಲ್ಲ.

ಹಂತ 6: ಪ್ರಾಣಶಕ್ತಿಯ ಅಭ್ಯಾಸ

ಹಂತ 4 ಕನಿಷ್ಠ ಮೂರು ವಾರ ರೂಢಿಯಾದ ಮೇಲೆ ಇಲ್ಲಿಗೆ ಬನ್ನಿ. ಇಲ್ಲಿ ವಟವಟ ಹೊಸ ವೇಷ ತೊಡುತ್ತದೆ: 'ಬಂತಾ? ಈಗ ಬಂತಾ? ಇದೇನಾ ಅದು?' ಅನುಭವದ ಬೇಟೆಯೇ ಈ ಅಭ್ಯಾಸದ ಅತಿದೊಡ್ಡ ಅಡ್ಡಿ. ಇದನ್ನು ಯೋಚನೆ ಎಂದು ಯಾರೂ ಗುರುತಿಸುವುದಿಲ್ಲ, ಸಾಧನೆ ಎಂದೇ ತಿಳಿಯುತ್ತಾರೆ. ಹೆಸರಿಡಿ: 'ಬೇಟೆ'. ಗಮನವನ್ನು ಇಟ್ಟ ಜಾಗಕ್ಕೆ ಮರಳಿಸಿ.

ಅಂಗೈಯಿಂದ ಆರಂಭಿಸಿ. 20–30 ಸೆಕೆಂಡು ಉಜ್ಜಿ, ಭುಜ ಇಳಿಬಿಟ್ಟು, ಅಂಗೈಗಳನ್ನು ಎದುರುಬದುರಾಗಿ ಸುಮಾರು 15 ಸೆಂಟಿಮೀಟರ್ ಅಂತರದಲ್ಲಿ ಹಿಡಿಯಿರಿ. ನಿಧಾನವಾಗಿ ಹತ್ತಿರ ತಂದು ದೂರ ಮಾಡಿ, ಮೂರು ನಿಮಿಷ. ಬಿಸಿ, ಜುಮ್ಮೆನ್ನುವುದು, ಬೆರಳಲ್ಲಿ ನಾಡಿ ಮಿಡಿಯುವುದು ಗೊತ್ತಾಗಬಹುದು, ಆಗದೆಯೂ ಇರಬಹುದು. ಬೆರಳ ತುದಿಯಲ್ಲಿ ಸ್ಪರ್ಶದ ನರತುದಿಗಳು ದಟ್ಟವಾಗಿವೆ, ಗಮನ ಕೊಟ್ಟಾಗ ಸಾಮಾನ್ಯವಾಗಿ ಅರಿವಿಗೆ ಬಾರದ ಮಿಡಿತಗಳೂ ತಿಳಿಯುತ್ತವೆ. ಯೋಗ ಪರಂಪರೆ ಇದನ್ನು ಪ್ರಾಣದ ಸಂಚಾರ ಎನ್ನುತ್ತದೆ. ಯಾವ ಹೆಸರಿನಿಂದ ಕರೆದರೂ ಅಭ್ಯಾಸದ ಅಳತೆಗೋಲು ಅನುಭವದ ತೀವ್ರತೆಯಲ್ಲ, ಗಮನ ಎಷ್ಟು ಹೊತ್ತು ನಿಂತಿತು ಎಂಬುದು.

ಆಮೇಲೆ ಗಮನವನ್ನು ನಾಭಿ, ಎದೆಯ ನಡು, ಗಂಟಲು, ಹುಬ್ಬುಗಳ ನಡು, ಹೀಗೆ ಒಂದೊಂದೆಡೆ ಹತ್ತು ಉಸಿರು ನಿಲ್ಲಿಸಿ, ಅದೇ ದಾರಿಯಲ್ಲಿ ನಾಭಿಗೆ ಇಳಿಸಿ. ಇಳಿಸುವುದನ್ನು ಬಿಡಬೇಡಿ. ಬೆಳಕು, ಬಣ್ಣ ಕಲ್ಪಿಸಿಕೊಳ್ಳಲು ಆಗದಿದ್ದರೆ ಚಿಂತೆಯಿಲ್ಲ. ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೇ ಇಲ್ಲ, ಅವರು ಬಿಸುಪು ಅಥವಾ ಭಾರವನ್ನು ಆಧಾರವಾಗಿ ಹಿಡಿಯಲಿ.

ಸಾಮಾನ್ಯವಾಗಿ ಆಗುವ ಎರಡು ಎಡವಟ್ಟು. ಮೊದಲನೆಯದು, ಹುಬ್ಬುಗಳ ನಡುವೆ ಗಮನ ಇಡಿ ಎಂದರೆ ಕಣ್ಣನ್ನೇ ಅತ್ತ ಎಳೆದು ಮೆಳ್ಳೆಗಣ್ಣು ಮಾಡುವುದು. ಕಣ್ಣಿನ, ಹಣೆಯ ಸ್ನಾಯು ದಣಿದು ತಲೆನೋವು, ಒತ್ತಿದ ಭಾವ ಬರುತ್ತದೆ, ಅದನ್ನೇ 'ಆಜ್ಞಾಚಕ್ರ ತೆರೆಯುತ್ತಿದೆ' ಎಂದುಕೊಂಡು ಇನ್ನಷ್ಟು ಎಳೆಯುತ್ತಾರೆ. ಕಣ್ಣುಗುಡ್ಡೆ ಸಡಿಲವಾಗಿ ಕೆಳಮುಖವಾಗಿರಲಿ. ಒತ್ತಡ ಉಳಿದರೆ ಒಂದು ವಾರ ಆ ಜಾಗ ಬಿಟ್ಟು ನಾಭಿ, ಪಾದಗಳಲ್ಲಷ್ಟೇ ಗಮನ ಇಡಿ.

ಎರಡನೆಯದು, ಉಸಿರನ್ನು ಜೋರು ಮಾಡುವುದು. ತುಟಿಯ ಸುತ್ತ, ಬೆರಳುಗಳಲ್ಲಿ ಚುಮುಚುಮು, ತಲೆ ಹಗುರ, ಕೆಲವೊಮ್ಮೆ ಬೆರಳುಗಳು ಸೆಟೆದುಕೊಳ್ಳುವುದು: ಇವು ಅತಿಯಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದುದರ ಲಕ್ಷಣ. ಶಕ್ತಿ ಏರಿತೆಂದು ಮುಂದುವರಿಸಬೇಡಿ. ನಿಲ್ಲಿಸಿ, ಬಾಯಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಉಸಿರಾಡಿ, ಕೆಲವು ನಿಮಿಷದಲ್ಲಿ ಸರಿಯಾಗುತ್ತದೆ.

ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ಗ್ಲಾಕೋಮಾ ಇರುವವರು, ಗರ್ಭಿಣಿಯರು ಕುಂಭಕ (ಉಸಿರು ಕಟ್ಟಿ ಹಿಡಿಯುವುದು), ಕಪಾಲಭಾತಿ, ಭಸ್ತ್ರಿಕಾ (ಎರಡೂ ಉಸಿರನ್ನು ರಭಸದಿಂದ ದೂಡುವ ಅಭ್ಯಾಸಗಳು) ಮಾಡಬಾರದು. ಬೈಪೋಲಾರ್, ಸೈಕೋಸಿಸ್‌ನಂಥ ಮಾನಸಿಕ ಕಾಯಿಲೆ ಇದ್ದವರು ತಮ್ಮ ವೈದ್ಯರನ್ನು ಕೇಳದೆ ಈ ಹಂತಕ್ಕೆ ಬರಬೇಡಿ. ಯಾರಿಗೇ ಆಗಲಿ, ಹಳೆಯ ಆಘಾತದ ನೆನಪು ಉಕ್ಕಿದರೆ, ನಿದ್ದೆ ದಿನಗಟ್ಟಲೆ ಹಾರಿದರೆ, ಸುತ್ತಲಿನದೆಲ್ಲ ಅವಾಸ್ತವ ಅನ್ನಿಸತೊಡಗಿದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. 'ಶುದ್ಧಿಯಾಗುತ್ತಿದೆ, ಮುಂದುವರಿಸಿ' ಎನ್ನುವವರ ಮಾತು ಕೇಳಬೇಡಿ.

ಹಂತ 7: ಏಳುವುದು, ಬರೆದಿಡುವುದು

ಟೈಮರ್ ಆದಾಗ ತಟ್ಟನೆ ಏಳಬೇಡಿ. ಪಾದ, ಅಂಗೈ ನೆಲಕ್ಕೆ ತಾಗಿಸಿ, ಬೆರಳು ಆಡಿಸಿ, ಕಣ್ಣು ತೆರೆದು ಎದುರಿಗಿರುವ ಐದು ವಸ್ತುಗಳನ್ನು ಹೆಸರಿಸಿ. ಎರಡು ನಿಮಿಷ ಸಾಕು.

ಮೊದಲ ವಾರ ದಿನಕ್ಕೆ 8 ನಿಮಿಷ, ಎರಡನೆಯ ವಾರ 12, ಮೂರನೆಯ ವಾರದಿಂದ 15–20. ಭಾನುವಾರ ಒಂದು ಗಂಟೆ ಕೂತು ಉಳಿದ ದಿನ ಬಿಡುವುದಕ್ಕಿಂತ ದಿನಾ 8 ನಿಮಿಷ ಮೇಲು. ಚೆನ್ನಾಗಿ ನಡೆಯುತ್ತಿದೆ ಎಂದು ಟೈಮರ್ ಮೀರಿ ಕೂರಬೇಡಿ, ಸಾಕೆನಿಸಿತೆಂದು ಮೊದಲೇ ಏಳಲೂಬೇಡಿ. ಎರಡನ್ನೂ ನಿರ್ಧರಿಸುವುದು ಅದೇ ವಟವಟ.

ಎದ್ದ ಮೇಲೆ ಕಾಗದದ ಹಿಂಬದಿಯಲ್ಲಿ ಒಂದೇ ಸಾಲು ಬರೆಯಿರಿ: ಹೊತ್ತು, ಎಷ್ಟು ನಿಮಿಷ, ಹೆಚ್ಚು ಕಾಡಿದ್ದು ಯಾವುದು. 'ಬೆಳಿಗ್ಗೆ 6, 12 ನಿಮಿಷ, ಬಲಮಂಡಿ', 'ರಾತ್ರಿ 10, 8 ನಿಮಿಷ, ತೂಕಡಿಕೆ'. ಅನುಭವ ವರ್ಣನೆ ಬೇಡ. ಹದಿನೈದನೆಯ ದಿನ ಎಲ್ಲ ಸಾಲುಗಳನ್ನೂ ಒಟ್ಟಿಗೆ ನೋಡಿ. ಒಂದೇ ದೂರು ಐದಕ್ಕಿಂತ ಹೆಚ್ಚು ಸಲ ಇದ್ದರೆ, ಅದು ಮೈಯದಾದರೆ ಹಂತ 1ಕ್ಕೆ ಹೋಗಿ ದಿಂಬಿನ ಎತ್ತರ ಅಳೆಯಿರಿ, ತೂಕಡಿಕೆಯಾದರೆ ಕೂರುವ ಹೊತ್ತು ಬದಲಿಸಿ, ಬಾಕಿ ಕೆಲಸದ ಯೋಚನೆಯಾದರೆ ಹಂತ 2ರ ಮೂರು ನಿಮಿಷವನ್ನು ಐದು ಮಾಡಿ.